ಅಲಿ ಅಸ್ಕರ್ ರಸ್ತೆಯ ಕುದುರೆಗಳು

‘ಕುದುರೆ ವ್ಯಾಪಾರ’ ಎಂದರೆ ಇಂದು ಕರ್ನಾಟಕದಲ್ಲಿ ಯಾರಿಗೂ ಕುದುರೆ ನೆನಪಾಗುವುದಿಲ್ಲ. ಶಾಸಕರು, ರೆಸಾರ್ಟು, ಕಿಟಕಿಗೆ ಪರದೆ ಎಳೆದ ಬಸ್ಸು ನೆನಪಾಗುತ್ತವೆ. ಆದರೆ ನಾಲ್ಕು ಕಾಲಿನ ಕುದುರೆಗಳನ್ನೇ ಮಾರಿ ಬಾಳಿದ ಒಬ್ಬರ ಹೆಸರು ವಿಧಾನಸೌಧಕ್ಕೆ ಹೆಚ್ಚು ದೂರವಿಲ್ಲದ ಬೀದಿಯೊಂದಕ್ಕಿದೆ: ಅಲಿ ಅಸ್ಕರ್ ರಸ್ತೆ.

ಬೆಂಗಳೂರಿನಲ್ಲಿ ದಂಡು ಪ್ರದೇಶ ತಲೆಯೆತ್ತಿ ಹದಿನೈದು ವರ್ಷವಾಗಿತ್ತಷ್ಟೆ. 1824ರಲ್ಲಿ ಇರಾನಿನ ಶಿರಾಜ್‌ನಿಂದ ಆಗಾ ಅಲಿ ಅಸ್ಕರ್ ಸುಮಾರು 200 ಕುದುರೆಗಳೊಂದಿಗೆ ಇಲ್ಲಿಗೆ ಬಂದರು. ವಯಸ್ಸು ಹದಿನಾರು.

ಅವರು ಹಿಡಿದದ್ದು ಹಳೆಯ ಜಾಡು. ದಕ್ಷಿಣದ ಹವೆ, ಮೇವು ಒಳ್ಳೆಯ ಕುದುರೆ ತಳಿಗೆ ಒಗ್ಗದ್ದರಿಂದ ಇಲ್ಲಿನ ಅರಸರೆಲ್ಲ ಸಮುದ್ರದ ಕಡೆ ಕಣ್ಣು ನೆಟ್ಟವರೇ. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ ನ್ಯೂನಿಜ್ ತಾನೇ ಕುದುರೆ ವ್ಯಾಪಾರಿ. ಸಾಳುವ ನರಸಿಂಹನ ವಿಷಯವಾಗಿ ಅವನು ಬರೆದಿಟ್ಟಿರುವ ಸಂಗತಿ ಸ್ವಾರಸ್ಯದ್ದು. ಕುದುರೆ ಹಡಗಿನಲ್ಲೇ ಸತ್ತರೆ ಅದರ ಬಾಲ ತಂದು ತೋರಿಸಿದರೆ ಸಾಕು, ಬದುಕಿದ ಕುದುರೆಯ ಬೆಲೆಯನ್ನೇ ಅರಸ ಎಣಿಸುತ್ತಿದ್ದನಂತೆ. ಇಂಥ ಗಿರಾಕಿ ಇದ್ದರೆ ಯಾರು ತಾನೆ ಹಡಗು ಹತ್ತುವುದಿಲ್ಲ!

ಅಲಿ ಅಸ್ಕರ್ ಅವರ ಕಾಲಕ್ಕೆ ಬಾಲಕ್ಕೆ ದುಡ್ಡು ಕೊಡುವವರಿರಲಿಲ್ಲ. ಆದರೆ ಕೊಳ್ಳುವವರಿಗೆ ಬರವಿರಲಿಲ್ಲ. ದಂಡಿನ ಅಧಿಕಾರಿಗಳಿಗೆ ಸವಾರಿಗೂ ಬೇಕು, ಪಂದ್ಯಕ್ಕೂ ಬೇಕು. ಅರಮನೆಗೂ ಬೇಕು, ಬ್ರಿಟಿಷರೊಂದಿಗಿನ 1807ರ ಒಪ್ಪಂದದಂತೆ ಮೈಸೂರು 4000 ಸವಾರರನ್ನು ಸಾಕಬೇಕಿತ್ತು. ಈ ಸವಾರರು ಸಿಲ್ಲೇದಾರರು, ಅಂದರೆ ಕುದುರೆಯನ್ನು ತಾವೇ ಹೊಂದಿಸಿಕೊಂಡು ಬರುವವರು. ಕೊಳ್ಳಲು ಬಂದವರು ಹಲ್ಲು ನೋಡಿ ವಯಸ್ಸು ಅಳೆಯುವರು, ನಡೆಸಿ ನೋಡುವರು. ನಮ್ಮ ಜನವಾದರೆ ಮೈಮೇಲಿನ ಸುಳಿ ನೋಡದೆ ಬೆಲೆಯ ಮಾತೆತ್ತರು. ಸುಳಿ ಕೆಟ್ಟದ್ದಾದರೆ ಅಚ್ಚ ಅರಬ್ಬಿ ಕುದುರೆಯೂ ಬೇಡ!

1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್‌ಗೆ ಅರಬ್ಬಿ ಕುದುರೆಯ ಹುಚ್ಚು. ಲಾಯದಲ್ಲಿ ಬೆಳೆದ ಕಬ್ಬನ್–ಅಲಿ ಅಸ್ಕರ್ ಪರಿಚಯ ಊರಿನ ಚಹರೆಯನ್ನೇ ಬದಲಿಸಿತು. ಆಡಳಿತ ಬೆಂಗಳೂರಿಗೆ ಬಂದ ಮೇಲೆ ಅಧಿಕಾರಿಗಳಿಗೆ ಮನೆ ಬೇಕಾದವು. ಅಲಿ ಅಸ್ಕರ್ ಬಂಗಲೆ ಕಟ್ಟಿಸತೊಡಗಿದರು, ಒಂದೆರಡಲ್ಲ, ನೂರರಷ್ಟು. ಕುದುರೆಯಿಂದ ಬಂದ ದುಡ್ಡು ಇಟ್ಟಿಗೆ ಗಾರೆಯಾಯಿತು.

ಕುದುರೆ ವ್ಯಾಪಾರ ಬಾಗಿಲು ಹಾಕಿದ್ದು ಒಂದೇ ದಿನದಲ್ಲಲ್ಲ. ಆಸ್ಟ್ರೇಲಿಯಾದ ‘ವೇಲರ್’ ಕುದುರೆಗಳು ಮದರಾಸಿನ ಬಂದರಿಗೆ ಹಡಗುಗಟ್ಟಲೆ ಬಂದಿಳಿದವು. ಅರಬ್ಬಿಗಿಂತ ಎತ್ತರ, ತೋಪಿನ ಗಾಡಿ ಎಳೆಯಲು ಗಟ್ಟಿ. ಸೈನ್ಯ ಅವನ್ನು ಸಗಟಾಗಿ ಕೊಂಡಿತು. 1864ರಲ್ಲಿ ದಂಡಿಗೆ ರೈಲು ಬಂತು. ಅಲಿ ಅಸ್ಕರ್ ತೀರಿಕೊಂಡದ್ದು 1891ರಲ್ಲಿ. ಮುಂದೆ ಮೋಟಾರು ಬಂದ ಮೇಲೆ ಹೇಳುವುದೇನಿದೆ? 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಮೈಸೂರು ಲ್ಯಾನ್ಸರ್‌ಗಳು ಕುದುರೆಯೇರಿ ಭರ್ಜಿ ಹಿಡಿದು ನುಗ್ಗಿ ಗೆದ್ದರು ನಿಜ, ಆದರೆ ಅಷ್ಟರಲ್ಲಿ ಯುದ್ಧಕ್ಕೆ ಟ್ಯಾಂಕು ಇಳಿದಾಗಿತ್ತು. ಸ್ವಾತಂತ್ರ್ಯದ ನಂತರ ಉಳಿದ ಸವಾರರು 61ನೇ ಕ್ಯಾವಲ್ರಿಯಲ್ಲಿ ಸೇರಿಹೋದರು. ಬೆಂಗಳೂರಿಗೆ ಉಳಿದದ್ದು ರೇಸ್ ಕೋರ್ಸು, ಕೆಲವು ಕಾಲ ಜಟಕಾ.

ಶಿರಾಜಿನ ಮನೆತನ ಮಾತ್ರ ಬೇರೊಂದು ದಾರಿ ಹಿಡಿದಿತ್ತು. ಅಲಿ ಅಸ್ಕರ್ ಅವರ ಮೊಮ್ಮಗ ಮಿರ್ಜಾ ಇಸ್ಮಾಯಿಲ್ 1926ರಿಂದ 1941ರವರೆಗೆ ಮೈಸೂರಿನ ದಿವಾನರು. ಬೃಂದಾವನ ತೋಟ ಅವರ ಕಾಲದ್ದು. ಅವರ ಹೆಸರು ಪಠ್ಯಪುಸ್ತಕ ಸೇರಿತು. ತಾತನ ಹೆಸರು ಬೀದಿ ಫಲಕಕ್ಕಷ್ಟೇ ಸಂದಿತು, ಅದೂ ಕಸುಬಿನ ಸುಳಿವಿಲ್ಲದೆ.

ಆ ಫಲಕದ ಕೆಳಗೆ ‘ಕುದುರೆ ವ್ಯಾಪಾರಿ, ಶಿರಾಜ್’ ಎಂದು ಬರೆಸಲು ಪಾಲಿಕೆಗೆ ಒಂದು ಡಬ್ಬಿ ಬಣ್ಣ ಸಾಕು. ವಿಧಾನಸೌಧದ ಕಡೆ ಹೋಗುವವರು ತಪ್ಪು ತಿಳಿದಾರು ಎಂಬ ಅಂಜಿಕೆಯಿದ್ದರೆ, ‘ನಿಜವಾದ’ ಎಂದೂ ಸೇರಿಸಲಿ.