ಕಲ್ಲಿನ ಭಾರ ಇಳಿಯುವ ದಾರಿ

ಹಂಪಿಗೆ ಹೋದವರು ವಿರೂಪಾಕ್ಷನ ದರ್ಶನ ಮಾಡಿ, ಕಲ್ಲಿನ ರಥ ನೋಡಿ, ಕಮಲ ಮಹಲಿನ ಮುಂದೆ ಫೋಟೊ ತೆಗೆಸಿಕೊಂಡು ಮರಳುತ್ತಾರೆ. ಅಹಮದ್ ಖಾನನ ಮಸೀದಿಯತ್ತ ಕಾಲು ಹಾಕುವವರು ವಿರಳ. ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಈ ಅಧಿಕಾರಿ 1439ರಲ್ಲಿ ಅದನ್ನು ಕಟ್ಟಿಸಿ, ದೊರೆಗೆ ಪುಣ್ಯವಾಗಲೆಂದು ಕನ್ನಡದಲ್ಲೇ ಶಾಸನ ಹಾಕಿಸಿದ. ಶಾಸನದಲ್ಲಿ ಅದು ಧರ್ಮಸಾಲೆ. ನೋಡಿದರೆ ಅಪ್ಪಟ ಮಂಟಪ: ಕಂಬ, ಕಂಬದ ತಲೆಗೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿಯ ಮಾಳಿಗೆ. ಪಕ್ಕದ ಗೋರಿಗೆ ಮಾತ್ರ ಗುಮ್ಮಟ.

ಪಠ್ಯಪುಸ್ತಕಗಳು ಕಟ್ಟಡಗಳ ಪಾರಿಭಾಷಿಕ ಪದಗಳನ್ನು ಗುಡಿಗೊಂದು, ಮಸೀದಿ-ಗೋರಿಗಳಿಗೊಂದು ಎಂದು ಎರಡು ಪಟ್ಟಿ ಮಾಡಿ ಕೊಡುತ್ತವೆ. ಒಂದರಲ್ಲಿ ಅಧಿಷ್ಠಾನ, ನವರಂಗ, ಗರ್ಭಗೃಹ, ವಿಮಾನ. ಇನ್ನೊಂದರಲ್ಲಿ ಮಿಹ್ರಾಬ್, ಮಿಂಬರ್, ಮಿನಾರ್, ರೋಜಾ. ಆರಾಧನೆಯ ಮಟ್ಟಿಗೆ ಈ ವಿಂಗಡಣೆ ಸರಿಯೇ. ಗರ್ಭಗೃಹದಲ್ಲಿ ಮೂರ್ತಿ ಇರುತ್ತದೆ. ಮಿಹ್ರಾಬ್ ಎಂಬುದು ಮೆಕ್ಕಾದ ದಿಕ್ಕು ತೋರಿಸುವ ಗೋಡೆಯ ಗೂಡು, ಅದರೊಳಗೆ ಏನೂ ಇರುವುದಿಲ್ಲ. ಆದರೆ ಕಟ್ಟಡವನ್ನು ಕಟ್ಟಡವಾಗಿ ನೋಡುವವರು ಕೇಳಬೇಕಾದ ಪ್ರಶ್ನೆ ಬೇರೆ: ಮೇಲಿನ ಭಾರ ನೆಲಕ್ಕೆ ಇಳಿಯುವುದು ಹೇಗೆ?

ತೊಲೆಯ ಪದ್ಧತಿಯಲ್ಲಿ ಭಾರ ನೇರವಾಗಿ ಕೆಳಗಿಳಿಯುತ್ತದೆ. ಕಲ್ಲು ಬಾಗಲಾರದು, ಉದ್ದವಾದರೆ ಬಿರಿಯುತ್ತದೆ. ಆದ್ದರಿಂದಲೇ ನಮ್ಮ ದೇಗುಲಗಳಲ್ಲಿ ಕಂಬಗಳು ಅಷ್ಟು ಒತ್ತೊತ್ತು. ಕಮಾನಿನಲ್ಲಿ ಕಲ್ಲುಗಳು ಒಂದನ್ನೊಂದು ಒತ್ತಿ ಹಿಡಿದು ಭಾರವನ್ನು ಪಕ್ಕಕ್ಕೆ ತಳ್ಳುತ್ತವೆ. ಅಂತರ ಹಿಗ್ಗುತ್ತದೆ, ಗೋಡೆ ದಪ್ಪವಾಗುತ್ತದೆ.

ಎರಡೂ ಪದ್ಧತಿಗಳು ಒಂದೇ ತೊಡಕನ್ನು ಎದುರಿಸಿದ್ದು ಮಾಳಿಗೆಯ ಮೂಲೆಯಲ್ಲಿ. ಕೆಳಗೆ ಚೌಕ, ಮೇಲೆ ವೃತ್ತ. ನಡುವಿನ ಜಾಗ ತುಂಬುವುದು ಹೇಗೆ? ಹೊಯ್ಸಳ ಶಿಲ್ಪಿಗಳು ಚೌಕದ ನಾಲ್ಕೂ ಮೂಲೆಗಳಿಗೆ ಅಡ್ಡಗಲ್ಲು ಇಟ್ಟು ಎಂಟು ಮೂಲೆ ಮಾಡಿದರು. ಅದರ ಮೇಲೆ ವರಸೆ ವರಸೆಯಾಗಿ ಒಳಚಾಚಿದ ಕಲ್ಲುಗಳನ್ನು ಪೇರಿಸಿದರು. ಬೇಲೂರಿನ ಗುಡಿಯ ನವರಂಗದ, ಅಂದರೆ ಒಳಮಂಟಪದ, ನಡುವೆ ನಿಂತು ಕತ್ತೆತ್ತಿದರೆ ಕಾಣುವ ಭುವನೇಶ್ವರಿ ಅದೇ. 1117ರಲ್ಲಿ ಪ್ರತಿಷ್ಠೆಯಾದ ಆ ಗುಡಿಯಲ್ಲಿ ಎಲ್ಲರ ಕಣ್ಣು ಮದನಿಕೆಯರ ಮೇಲೆ. ಈ ಲೆಕ್ಕಾಚಾರ ನೋಡುವವರು ಕಡಿಮೆ.

ವಿಜಯಪುರದ ಗೋಲ ಗುಮ್ಮಟದಲ್ಲಿ ಅದೇ ತೊಡಕಿಗೆ ಕಮಾನಿನ ಉತ್ತರವಿದೆ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಗೋರಿ ಅದು. ಒಳಗೆ ಒಂದೇ ಒಂದು ಕಂಬವಿಲ್ಲ. ಎರಡು ಚೌಕಗಳನ್ನು ಓರೆಯಾಗಿ ಒಂದರ ಮೇಲೊಂದು ಇಟ್ಟಂತೆ ಎಂಟು ಕಮಾನುಗಳು ಪರಸ್ಪರ ಹಾಯ್ದು, ಸುಮಾರು 38 ಮೀಟರ್ ಒಳವ್ಯಾಸದ ಗುಮ್ಮಟವನ್ನು ಹೊರುತ್ತವೆ. ಗುಮ್ಮಟ ಗೋಡೆಗಳನ್ನು ಹೊರಕ್ಕೆ ನೂಕಿದರೆ, ಒಳಕ್ಕೆ ಚಾಚಿದ ಈ ಕಮಾನುಗಳ ತೂಕ ಅದಕ್ಕೆ ಎದುರು ನಿಲ್ಲುತ್ತದೆ. ಪಿಸುಮಾತಿನ ಗ್ಯಾಲರಿಗಿಂತ ನನಗೆ ಇದೇ ದೊಡ್ಡ ಸೋಜಿಗ.

ಇನ್ನು ಕೊಡುಕೊಳ್ಳುವಿಕೆ. ಕಮಲ ಮಹಲಿನ ತಳವಿನ್ಯಾಸ ಗುಡಿಯದು, ನೆತ್ತಿಯ ಶಿಖರಗಳೂ ಗುಡಿಯವೇ. ನಡುವಿನ ದಳದಳದ ಕಮಾನುಗಳು ಬಹಮನಿ ನಾಡಿನಿಂದ ಬಂದವು. ವಿಜಯಪುರದ ಇಬ್ರಾಹಿಂ ರೋಜಾದಲ್ಲಿ ಗುಮ್ಮಟದ ಬುಡ ಕಮಲದ ಎಸಳುಗಳ ಮೇಲೆ ಕೂತಿದೆ. ಗೋಡೆಯಿಂದ ಮುಂಚಾಚಿದ ಸೂರು, ಅಂದರೆ ಛಜ್ಜಾಕ್ಕೆ ಆಸರೆಯಾಗಿ ಸಾಲುಗಟ್ಟಿದ ಕೆತ್ತನೆಯ ಕಲ್ಲುಗಳು ಬೋದಿಗೆಯ ಹತ್ತಿರದ ನೆಂಟರು. ಇದನ್ನೆಲ್ಲ ಸಾಮರಸ್ಯದ ಸಂಕೇತವೆಂದು ಭಾಷಣಗಳಲ್ಲಿ ಹೇಳುವುದು ರೂಢಿ. ನನಗೆ ಅದಕ್ಕಿಂತ ಕಸುಬಿನ ವಿವೇಕ ಕಾಣುತ್ತದೆ: ಕೈಗೆ ಬಂದ ಒಳ್ಳೆಯ ಉಪಾಯವನ್ನು ಕಲ್ಲುಕುಟಿಗ ಬಿಡಲಿಲ್ಲ, ಕಟ್ಟಿಸಿದವನೂ ಬೇಡವೆನ್ನಲಿಲ್ಲ.

ಮುಂದಿನ ಸಲ ಗೋಲ ಗುಮ್ಮಟಕ್ಕೆ ಹೋದಾಗ ಕೂಗಿ ನೋಡಲು ಮೆಟ್ಟಿಲು ಹತ್ತುವ ಮೊದಲು, ಕೆಳಗೆ ನಿಂತು ಆ ಎಂಟು ಕಮಾನುಗಳನ್ನು ಎಣಿಸಿ. ಬೇಲೂರನ್ನೂ ನೋಡಿದವರಿಗೆ ಹೋಲಿಕೆ ತಾನಾಗಿಯೇ ಹೊಳೆಯುತ್ತದೆ.