ವೈದ್ಯಕೀಯ ಜರ್ನಲ್: ಕಾಗದದಿಂದ ಪರದೆಗೆ

ವೈದ್ಯವಿಜ್ಞಾನದಲ್ಲಿ ಹೊಸ ಸಂಗತಿಯೊಂದನ್ನು ಕಂಡುಕೊಂಡವರು ಅದನ್ನು ಪ್ರಬಂಧವಾಗಿ ಬರೆದು ಜರ್ನಲ್ ಒಂದಕ್ಕೆ ಕಳುಹಿಸುವುದು, ಆ ವಿಷಯದ ತಜ್ಞರು ಅದನ್ನು ಪರಿಶೀಲಿಸುವುದು, ಒಪ್ಪಿಗೆಯಾದರೆ ಅದು ಅಚ್ಚಾಗುವುದು ಬಹುಕಾಲದಿಂದ ನಡೆದುಬಂದ ಪದ್ಧತಿ. ಕಳೆದ ಮೂರು ದಶಕಗಳಲ್ಲಿ ಡಿಜಿಟಲ್ ತಂತ್ರಜ್ಞಾನವು ಈ ಪದ್ಧತಿಯ ಚಹರೆಯನ್ನೇ ಬದಲಿಸಿದೆ. ಇದರ ಲಾಭವನ್ನೂ ಅಪಾಯವನ್ನೂ ವಿದೇಶಕ್ಕೆ ಹೊರಡಲು ಸಿದ್ಧರಾಗುತ್ತಿರುವ ನಮ್ಮ ಯುವ ವೈದ್ಯರು ಅರಿತಿರಬೇಕು.

ತೊಂಬತ್ತರ ದಶಕದಲ್ಲಿ ನಾವು ಎಂ.ಡಿ. ಓದುತ್ತಿದ್ದಾಗ ಒಂದು ಪ್ರಬಂಧವನ್ನು ಸಂಪಾದಿಸುವುದೇ ತಪಸ್ಸಾಗಿತ್ತು. ಗ್ರಂಥಾಲಯದಲ್ಲಿ ‘ಇಂಡೆಕ್ಸ್ ಮೆಡಿಕಸ್’ನ ದಪ್ಪ ಸಂಪುಟಗಳನ್ನು ತಿರುವಿ ಶೀರ್ಷಿಕೆಯನ್ನು ಗುರುತು ಹಾಕಿಕೊಳ್ಳಬೇಕು. ಆ ಜರ್ನಲ್ ಕಾಲೇಜಿಗೆ ಬರುತ್ತಿಲ್ಲವಾದರೆ, ಪ್ರತಿಯೊಂದನ್ನು ಕಳುಹಿಸಿಕೊಡಿರೆಂದು ಲೇಖಕರಿಗೇ ಕಾರ್ಡು ಬರೆಯಬೇಕು. ಉತ್ತರ ಬರುವಷ್ಟರಲ್ಲಿ ರೋಗಿಯು ಗುಣಮುಖನಾಗಿ ಊರು ಸೇರಿರುತ್ತಿದ್ದ. 1997ರಲ್ಲಿ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು ‘ಪಬ್‌ಮೆಡ್’ ಅನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು. 1879ರಲ್ಲಿ ಆರಂಭವಾಗಿದ್ದ ಇಂಡೆಕ್ಸ್ ಮೆಡಿಕಸ್‌ನ ಮುದ್ರಣವು 2004ರಲ್ಲಿ ನಿಂತೇಹೋಯಿತು.

ಶೀರ್ಷಿಕೆ ಉಚಿತವಾಗಿ ಸಿಕ್ಕರೂ ಪೂರ್ಣ ಪ್ರಬಂಧಕ್ಕೆ ದುಬಾರಿ ಚಂದಾ ತೆರಬೇಕಿತ್ತು. ಈ ಅಡ್ಡಗೋಡೆಯನ್ನು ಒಡೆದದ್ದು ಮುಕ್ತ ಪ್ರಕಟಣೆಯ ಚಳವಳಿ. ‘ಪಿಎಲ್‌ಒಎಸ್ ಬಯಾಲಜಿ’ 2003ರಲ್ಲಿ, ‘ಪಿಎಲ್‌ಒಎಸ್ ಮೆಡಿಸಿನ್’ 2004ರಲ್ಲಿ ಹೊರಬಂದವು. ಇಲ್ಲಿ ಓದುಗ ಹಣ ಕೊಡಬೇಕಾಗಿಲ್ಲ. ಪ್ರಕಟಣೆಯ ಶುಲ್ಕವನ್ನು ಲೇಖಕರು ಅಥವಾ ಅವರ ಸಂಸ್ಥೆ ಭರಿಸುತ್ತದೆ. ಇಂಥ ಜರ್ನಲ್‌ನ ಪ್ರಬಂಧವನ್ನು ಇಂದು ರಾಯಚೂರಿನ ವೈದ್ಯರೂ ಲಂಡನ್ನಿನ ವೈದ್ಯರೂ ಒಂದೇ ದಿನ ಓದಬಲ್ಲರು.

ಆದರೆ ತೆರೆದ ಬಾಗಿಲಿನಿಂದ ಕಳ್ಳರೂ ಒಳನುಗ್ಗಿದರು. ಅಚ್ಚುಕೂಟ ಬೇಡ, ಕಾಗದ ಬೇಡ. ಗಂಭೀರವಾದ ಹೆಸರು ಹೊತ್ತ ಒಂದು ಜಾಲತಾಣವಿದ್ದರೆ ಜರ್ನಲ್ ಸಿದ್ಧ. ತಜ್ಞರ ಪರಿಶೀಲನೆ ಹೆಸರಿಗೆ ಮಾತ್ರ. ಹಣ ಕಟ್ಟಿದರೆ ಪ್ರಕಟಣೆ ಖಚಿತ. ‘ಪ್ರಿಡೇಟರಿ ಜರ್ನಲ್’ ಎನ್ನುವುದು ಇವುಗಳನ್ನೇ. 2019ರಲ್ಲಿ ಅಮೆರಿಕದ ನ್ಯಾಯಾಲಯವು ಇಂಥ ವ್ಯವಹಾರಕ್ಕಾಗಿ ಹೈದರಾಬಾದ್ ಮೂಲದ ಪ್ರಕಾಶನ ಸಂಸ್ಥೆಯೊಂದಕ್ಕೆ 5 ಕೋಟಿ ಡಾಲರ್‌ಗೂ ಹೆಚ್ಚು ಮೊತ್ತವನ್ನು ತೆರುವಂತೆ ಆದೇಶಿಸಿತು.

ಪ್ರತಿಷ್ಠಿತ ಜರ್ನಲ್‌ಗಳೂ ಎಡವಿದ್ದುಂಟು. ಕೋವಿಡ್ ಕಾಲದಲ್ಲಿ, 2020ರ ಮೇ 22ರಂದು, ‘ಲ್ಯಾನ್ಸೆಟ್’ನಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಕುರಿತ ಪ್ರಬಂಧವೊಂದು ಪ್ರಕಟವಾಯಿತು. 671 ಆಸ್ಪತ್ರೆಗಳ ಸುಮಾರು 96,000 ರೋಗಿಗಳ ಮಾಹಿತಿ ತಮ್ಮಲ್ಲಿದೆಯೆಂದು ಲೇಖಕರು ಹೇಳಿಕೊಂಡಿದ್ದರು. ಅದನ್ನು ನಂಬಿ ವಿಶ್ವ ಆರೋಗ್ಯ ಸಂಸ್ಥೆಯು ಆ ಔಷಧದ ಪ್ರಯೋಗವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಜಗತ್ತಿನ ನಾನಾ ಕಡೆಯ ಸಂಶೋಧಕರು ಅಂಕಿ ಅಂಶಗಳನ್ನು ಪ್ರಶ್ನಿಸಿದರು. ಮೂಲ ಮಾಹಿತಿಯ ತಪಾಸಣೆ ಸಾಧ್ಯವಾಗದೆ ಜೂನ್ 4ರಂದು ಪ್ರಬಂಧವನ್ನು ಹಿಂಪಡೆಯಲಾಯಿತು. ತಪ್ಪು ಹರಡಿದ ವೇಗದಲ್ಲೇ ತಿದ್ದುಪಡಿಯೂ ಬಂದದ್ದು ಡಿಜಿಟಲ್ ಯುಗದ ಗುಣವೇ ಸರಿ.

ವಿದೇಶಕ್ಕೆ ಬರಬಯಸುವ ಯುವ ವೈದ್ಯರಲ್ಲಿ ನನ್ನ ವಿನಂತಿ ಇಷ್ಟೆ: ಅರ್ಜಿಯಲ್ಲಿ ಪ್ರಕಟಣೆಗಳ ಸಂಖ್ಯೆ ಹೆಚ್ಚಿಸಲು ಅಪ್ಪ ಅಮ್ಮ ಕೂಡಿಟ್ಟ ಹಣವನ್ನು ಇಂಥ ಜರ್ನಲ್‌ಗಳಿಗೆ ಸುರಿಯಬೇಡಿ. ವಾರದೊಳಗೆ ಪ್ರಕಟಿಸುತ್ತೇವೆ ಎಂಬ ಹೊಗಳಿಕೆಯ ಇಮೇಲ್ ಬಂದರೆ ಅನುಮಾನಿಸಿ. ‘ಡೈರೆಕ್ಟರಿ ಆಫ್ ಓಪನ್ ಆಕ್ಸೆಸ್ ಜರ್ನಲ್ಸ್’ ಎಂಬ ಉಚಿತ ಪಟ್ಟಿಯಲ್ಲಿ ಆ ಹೆಸರನ್ನು ಹುಡುಕಿ. ನಿಮ್ಮ ಗುರುಗಳನ್ನು ಕೇಳಿ. ಸಂದರ್ಶನದಲ್ಲಿ ಪ್ರಬಂಧದ ಒಳಹೊರಗನ್ನು ಕೆದಕಿ ಕೇಳಿದಾಗ ಕೈಹಿಡಿಯುವುದು ನೀವೇ ದುಡಿದು ಬರೆದದ್ದು ಮಾತ್ರ. ನಿಮ್ಮ ವಾರ್ಡಿನ ದಾಖಲೆಗಳನ್ನು ಪ್ರಾಮಾಣಿಕವಾಗಿ ಪರಿಶೀಲಿಸಿ ಬರೆದ ಒಂದೇ ಒಂದು ಸಣ್ಣ ವರದಿಯು, ಹಣ ತೆತ್ತು ಪಡೆದ ಹತ್ತಕ್ಕಿಂತ ಮೇಲು.

ಊರಿನಲ್ಲಿರುವ ಹಿರಿಯರಿಗೂ ಒಂದು ಮಾತು. “ಸಂಶೋಧನೆಯಿಂದ ಸಾಬೀತಾಗಿದೆ” ಎಂದು ಮೊಬೈಲಿಗೆ ಬರುವ ಸಂದೇಶದ ಹಿಂದೆ ಯಾವ ಜರ್ನಲ್ ಇದೆಯೋ ಬಲ್ಲವರಾರು? ಅದನ್ನೋದಿ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಮೊದಲು ನಿಮ್ಮ ವೈದ್ಯರನ್ನು ವಿಚಾರಿಸಿ.