ಶೋಧನೆಯ ವೇಳೆಯಲ್ಲಿ ಶಾಸ್ತ್ರವಾಕ್ಯ

ಕನ್ನಡ ಬೈಬಲ್ಲನ್ನು ಓದುವವರಿಗೆ ‘ಶೋಧನೆ’ ಎಂಬ ಪದ ಮತ್ತೆ ಮತ್ತೆ ಎದುರಾಗುತ್ತದೆ. ಯೇಸು ತನ್ನ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿಯೂ ಅದು ಇರುವುದರಿಂದ, ರಾಜಾಜಿನಗರ, ವಿಜಯನಗರ, ಕೆಂಗೇರಿಗಳ ಕಡೆ ಕನ್ನಡದಲ್ಲಿ ಪ್ರಾರ್ಥಿಸುವ ಕ್ರೈಸ್ತ ಮನೆತನಗಳಿಗೆ ಅದು ನಿತ್ಯದ ನುಡಿ. ಚಿನ್ನವನ್ನು ಪುಟಕ್ಕಿಟ್ಟು ಪರೀಕ್ಷಿಸುವುದೂ ಶೋಧನೆಯೇ; ಇಲ್ಲಿಯಾದರೋ ಆಸೆಯನ್ನೊಡ್ಡಿ ದಾರಿ ತಪ್ಪಿಸುವುದಕ್ಕೂ ಅದೇ ಹೆಸರು. ಮೂಲದ ಗ್ರೀಕ್ ಪದಕ್ಕೂ ಈ ಎರಡು ಅರ್ಥಗಳಿವೆ. ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ 1831ರಲ್ಲಿ ಇಡೀ ಬೈಬಲ್ ಕನ್ನಡಕ್ಕೆ ಬಂದಿತು. ಅನಂತರ ಅದರ ಪಾಠವು ಹಲವು ಸಲ ಪರಿಷ್ಕಾರಗೊಂಡಿದೆ. (ಮಂಗಳೂರಿನ ಬಾಸೆಲ್ ಮಿಷನ್ನಿನವರು ಬಸವಪುರಾಣವನ್ನೂ ಅಚ್ಚು ಹಾಕಿದರೆಂಬುದನ್ನು ಇಲ್ಲಿ ನೆನೆಯಬಹುದು.) ಎರಡು ಅರ್ಥಗಳನ್ನೂ ಒಂದೇ ಪದದಲ್ಲಿ ಉಳಿಸಿಕೊಂಡದ್ದು ಅನುವಾದಕರ ಜಾಣ್ಮೆಯೆಂದೇ ಹೇಳಬೇಕು.

ದೇವರು ಯಾರನ್ನೂ ಕೇಡಿಗೆ ಎಳೆಯುವುದಿಲ್ಲ, ಮನುಷ್ಯನನ್ನು ಸೆಳೆಯುವುದು ಅವನವನ ಆಸೆಯೇ ಎಂಬುದು ಯಾಕೋಬನ ಪತ್ರಿಕೆಯ ಅಭಿಪ್ರಾಯ. ಮಾಯೆಯನ್ನು ಹೊರಗಣ ವಸ್ತುವಿನಲ್ಲಿ ಹುಡುಕದೆ ಮನದ ಮುಂದಣ ಆಸೆಯಲ್ಲಿ ಕಂಡ ಅಲ್ಲಮನನ್ನು ಬಲ್ಲ ವಾಚಕರಿಗೆ ಈ ಮಾತು ಹೊಸತೆನಿಸದು.

ಹಾಗಾದರೆ ಆ ಆಸೆಯ ಎದುರಿಗೆ ಶಾಸ್ತ್ರವಾಕ್ಯವು ಏನು ಮಾಡಬಲ್ಲದು? ಇದಕ್ಕೆ ಕ್ರೈಸ್ತರು ಮೊದಲು ತೋರಿಸುವುದು ಮತ್ತಾಯನ ಸುವಾರ್ತೆಯ ನಾಲ್ಕನೆಯ ಅಧ್ಯಾಯವನ್ನು. ನಲವತ್ತು ದಿನ ಉಪವಾಸವಿದ್ದು ಹಸಿದ ಯೇಸುವಿನ ಬಳಿಗೆ ಸೈತಾನನು ಬರುತ್ತಾನೆ. ಕಲ್ಲನ್ನು ರೊಟ್ಟಿಯಾಗಿಸು ಎಂಬುದು ಮೊದಲ ಪ್ರಲೋಭನೆ. ದೇವಾಲಯದ ಶಿಖರದಿಂದ ಧುಮುಕು ಎಂಬುದು ಎರಡನೆಯದು. ನನಗೆ ಅಡ್ಡಬಿದ್ದರೆ ಲೋಕದ ರಾಜ್ಯಗಳೆಲ್ಲ ನಿನ್ನವು ಎಂಬುದು ಮೂರನೆಯದು. ಮೂರಕ್ಕೂ ಯೇಸು ಕೊಡುವ ಉತ್ತರ ತನ್ನ ಸ್ವಂತದ್ದಲ್ಲ. ಮೂರೂ ಧರ್ಮೋಪದೇಶಕಾಂಡದ ಆರು ಮತ್ತು ಎಂಟನೆಯ ಅಧ್ಯಾಯಗಳಿಂದ ಬಂದವು. ಅವು ಇಸ್ರಾಯೇಲರು ನಲವತ್ತು ವರ್ಷ ಅರಣ್ಯದಲ್ಲಿ ಅಲೆದುದನ್ನು ನೆನಪಿಸುವ ಭಾಗಗಳು. ಅರಣ್ಯದ ಹಸಿವೆಗೆ ಅರಣ್ಯದ ಪಾಠವೇ ಒದಗಿತು. ಮರಳುಗಾಡಿನಲ್ಲಿ ಗ್ರಂಥವನ್ನು ಬಿಚ್ಚಿ ಹುಡುಕುವ ಅವಕಾಶವೆಲ್ಲಿ? ಮೊದಲೇ ಕಂಠಗತವಾಗಿದ್ದ ಮಾತು ಮಾತ್ರ ಆಗ ಕೆಲಸಕ್ಕೆ ಬರುತ್ತದೆ.

ಇದಕ್ಕಿಂತಲೂ ಮುಖ್ಯವಾದುದು, ಸಾಮಾನ್ಯವಾಗಿ ಓದುಗರು ಗಮನಿಸದೆ ದಾಟಿಹೋಗುವ ಅಂಶ ಇನ್ನೊಂದಿದೆ. ಎರಡನೆಯ ಪ್ರಲೋಭನೆಯಲ್ಲಿ ಸೈತಾನನೂ ಶಾಸ್ತ್ರವಾಕ್ಯವನ್ನೇ ಉದ್ಧರಿಸುತ್ತಾನೆ! ಭಕ್ತನನ್ನು ದೇವದೂತರು ಕೈಯಲ್ಲಿ ಎತ್ತಿಕೊಳ್ಳುವರೆಂಬ 91ನೆಯ ಕೀರ್ತನೆಯ ಮಾತು ಅದು. ಮಾತು ಸುಳ್ಳಲ್ಲ, ಅದನ್ನು ಬಳಸಿದ ಉದ್ದೇಶ ಕೆಟ್ಟದ್ದು. ಯೇಸು ಇನ್ನೊಂದು ವಾಕ್ಯದಿಂದ ಅದರ ಮಿತಿಯನ್ನು ತೋರಿಸುತ್ತಾನೆ. ಬಿಡಿವಾಕ್ಯವೊಂದನ್ನು ಕಿತ್ತು ತನ್ನ ಇಚ್ಛೆಗೆ ಆಸರೆ ಮಾಡಿಕೊಳ್ಳುವ ಪಂಡಿತರು ಯಾವ ಮತದಲ್ಲಿ ಇಲ್ಲ? ಗ್ರಂಥದ ಒಟ್ಟು ಆಶಯ ತಿಳಿಯದವನಿಗೆ ಬಿಡಿವಾಕ್ಯವೂ ಬಲೆಯಾದೀತು.

ನಿತ್ಯಜೀವನಕ್ಕೆ ಬಂದರೆ ಬೈಬಲ್ಲಿನ ಕಟ್ಟಳೆಗಳು ಬಹಳ ನೇರವಾದವು. ಕೂಲಿಯವನ ಕೂಲಿಯನ್ನು ಬೆಳಗಿನವರೆಗೆ ಇಟ್ಟುಕೊಳ್ಳಬಾರದೆಂದು ಯಾಜಕಕಾಂಡ ವಿಧಿಸುತ್ತದೆ. ಚೀಲದಲ್ಲಿ ದೊಡ್ಡದೊಂದು ಚಿಕ್ಕದೊಂದು ಎರಡು ತೂಕದ ಕಲ್ಲುಗಳನ್ನು ಇಟ್ಟುಕೊಳ್ಳಬಾರದೆಂದು ಧರ್ಮೋಪದೇಶಕಾಂಡ ಹೇಳುತ್ತದೆ. ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ದುಡಿಯುವವನಿಗೂ ದುಡಿಸುವವನಿಗೂ, ಅಂಗಡಿಯಿಟ್ಟವನಿಗೂ ಇವುಗಳಿಗೆ ವ್ಯಾಖ್ಯಾನ ಬೇಕಿಲ್ಲ. ಶೋಧನೆಯು ಹೆಚ್ಚಾಗಿ ಬರುವುದು ಶಿಖರದ ಮೇಲಲ್ಲ, ತಕ್ಕಡಿಯ ಬಳಿಯಲ್ಲಿ.

ಕಥೋಲಿಕರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ (1962–65) ಗೃಹಸ್ಥರೂ ಗ್ರಂಥವನ್ನು ಓದಬೇಕೆಂದು ಒತ್ತಿ ಹೇಳಿತು. ಲ್ಯಾಟಿನ್ನಿನಲ್ಲಿದ್ದ ಪೂಜೆ ಕನ್ನಡಕ್ಕೆ ತಿರುಗಿದ್ದೂ ಅದರ ಫಲವೇ. ಈಗ ಪ್ರತಿ ದಿನಕ್ಕೂ ಗೊತ್ತುಪಡಿಸಿದ ಪಾಠಗಳುಂಟು. ಈಸ್ಟರಿಗೆ ಮುಂಚಿನ ವ್ರತಕಾಲದ ಮೊದಲ ಭಾನುವಾರ ಅರಣ್ಯದ ಈ ಪ್ರಸಂಗವನ್ನೇ ಓದುತ್ತಾರೆ. ಮೂರು ವರ್ಷಗಳ ಸರದಿಯಲ್ಲಿ ಒಮ್ಮೆ ಮತ್ತಾಯ, ಒಮ್ಮೆ ಮಾರ್ಕ, ಒಮ್ಮೆ ಲೂಕ. ಲೂಕನಲ್ಲಿ ದೇವಾಲಯದ ಶೋಧನೆ ಕೊನೆಗೆ ಬರುತ್ತದೆ. ಮಾರ್ಕನಲ್ಲಿ ಸಂವಾದವೇ ಇಲ್ಲ. ಪ್ರಸಂಗ ಎರಡೇ ವಚನಗಳಲ್ಲಿ ಮುಗಿಯುತ್ತದೆ. ಆ ವರ್ಷ ಸೈತಾನನಿಗೆ ಕೊಡಬೇಕಾದ ಉತ್ತರಗಳನ್ನು ಕೇಳುಗನೇ ತನ್ನ ನೆನಪಿನಿಂದ ತುಂಬಿಕೊಳ್ಳಬೇಕು.